ಸಿನಿಮಾದ ಮೇಲೆ ಸಿಟ್ಟಾದ ಮಗಳಿಗೆ

ಪುಟ್ಟಿ,

ನಿನ್ನ ಕಾಗದ ತಲುಪಿತು. ಅದರ ತುಂಬ ಸಿಟ್ಟೇ ಇದೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾ ಮೂರನ್ನೂ ಹೈಸ್ಕೂಲಿನಲ್ಲಿ ಇದ್ದಾಗಲೇ ನೋಡಿ ಕುಣಿದಾಡಿದವಳು ನೀನು. ಈಗ ಪುಸ್ತಕ ಓದಿ ಮುಗಿಸಿ, ಸಿನಿಮಾದವರು ಮೋಸ ಮಾಡಿದರು ಅನ್ನುತ್ತಿದ್ದೀಯ. ತಪ್ಪುಗಳ ಪಟ್ಟಿಯನ್ನೇ ಕಳಿಸಿದ್ದೀಯ. ಟಾಮ್ ಬಾಂಬಡಿಲ್ ಎಲ್ಲಿ ಹೋದ, ಗಾಯಗೊಂಡ ಫ್ರೋಡೊಗೆ ಕುದುರೆ ಕೊಡಬೇಕಾದವನು ಗ್ಲಾರ್ಫಿಂಡೆಲ್ ಆಗಿರುವಾಗ ಅರ್ವೆನ್ ಯಾಕೆ ಬಂದಳು, ಹೆಲ್ಮ್ಸ್ ಡೀಪ್ ಕೋಟೆಗೆ ಎಲ್ಫ್‌ಗಳ ಸೈನ್ಯವನ್ನು ಕರೆದವರು ಯಾರು, ಅರ್ವೆನ್–ಅರಗಾರ್ನ್ ಪ್ರೇಮವನ್ನು ಅಷ್ಟು ಯಾಕೆ ಎಳೆದರು. ಇನ್ನು ಆ ಸಿನಿಮಾದ ಮುಖ ನೋಡುವುದಿಲ್ಲ ಎಂದು ಕೊನೆಗೊಂದು ಶಪಥ ಬೇರೆ.

ಒಂದು ಪುಸ್ತಕದ ಪರವಾಗಿ ಇಷ್ಟು ಸಿಟ್ಟು ಬರಬೇಕಾದರೆ ಅದನ್ನು ಎಷ್ಟು ಹಚ್ಚಿಕೊಂಡಿರಬೇಕು! ನನಗೆ ಅದೇ ಸಂತೋಷ. ಆದರೆ ಪುಟ್ಟಿ, ನಿನ್ನ ಪಟ್ಟಿಯಲ್ಲಿ ಇರಲೇಬೇಕಾದ ಒಂದೆರಡು ಸಂಗತಿ ಇಲ್ಲ, ಬಿಟ್ಟರೂ ನಡೆಯುವಂಥವೇ ತುಂಬಿವೆ. ಅದನ್ನು ಹೇಳುವುದಕ್ಕೇ ಈ ಕಾಗದ. ನಿನ್ನ ವಯಸ್ಸಿನ ಬೇರೆ ಹುಡುಗ ಹುಡುಗಿಯರೂ ಹೀಗೇ ಮಾತಾಡುವುದನ್ನು ಕೇಳಿದ್ದೇನೆ. ಅದಕ್ಕೇ ಎಲ್ಲರೂ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಕತೆಯನ್ನು ಬದಲಾಯಿಸುವುದು ನಮಗೇನು ಹೊಸತಲ್ಲ. ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ, ಕೊನೆಗೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿದ. ಹಾಗೆಂದು ಕನ್ನಡದವರು ಪಂಪನನ್ನು ಕೈಬಿಡಲಿಲ್ಲ. ಬದಲಾವಣೆ ಆಯಿತೇ ಎಂದು ಕೇಳಿ ಫಲವಿಲ್ಲ. ಬದಲಾದ ಮೇಲೂ ಕತೆಯ ಜೀವ ಉಳಿಯಿತೇ, ಕೇಳಬೇಕಾದ್ದು ಅದು.

ಪುಸ್ತಕ ಬರೆದ ಟೋಲ್ಕಿನ್ ಕೂಡ ಅದನ್ನೇ ಕೇಳಿದರು. ಕಾದಂಬರಿ 1954–55ರಲ್ಲಿ ಮೂರು ಸಂಪುಟಗಳಾಗಿ ಬಂತು. ಕೆಲವೇ ವರ್ಷಗಳಲ್ಲಿ ಅಮೆರಿಕದಿಂದ ಒಂದು ಚಿತ್ರಕತೆಯ ಸಾರಾಂಶ ಅವರ ಕೈಸೇರಿತು. 1958ರಲ್ಲಿ ಅದರ ಮೇಲೆ ಅವರು ಬರೆದ ಟೀಕೆ ಅವರ ಪತ್ರಗಳ ಸಂಗ್ರಹದಲ್ಲಿದೆ, ಹುಡುಕಿ ಓದು. ನಿನ್ನ ಸಿಟ್ಟು ಅದರ ಮುಂದೆ ಏನೂ ಅಲ್ಲ. ಬೇಕಾದಲ್ಲಿ ಬೇಡವಾದಲ್ಲಿ ಹದ್ದುಗಳನ್ನು ಹಾರಿಸಿದ್ದು, ಹೊಡೆದಾಟ ತುರುಕಿದ್ದು, ಎಲ್ಫ್‌ಗಳು ದಾರಿಬುತ್ತಿಗೆ ಕೊಟ್ಟ ಲೆಂಬಾಸ್ ರೊಟ್ಟಿಯನ್ನು ಯಾವುದೋ ಪೌಷ್ಟಿಕ ಆಹಾರದಂತೆ ಬಣ್ಣಿಸಿದ್ದು, ಒಂದನ್ನೂ ಅವರು ಬಿಟ್ಟಿಲ್ಲ. ಆದರೆ ಕತ್ತರಿ ಹಾಕಲೇಬೇಡಿ ಎಂದೂ ಅವರು ಹೇಳಲಿಲ್ಲ. ಎಂಟ್ ಎಂಬ ಮರಮನುಷ್ಯರ ಕತೆಗೂ ಹೆಲ್ಮ್ಸ್ ಡೀಪ್ ಯುದ್ಧಕ್ಕೂ ಎರಡಕ್ಕೂ ಸಾಕಷ್ಟು ಜಾಗ ಸಿಗದಿದ್ದರೆ ಯುದ್ಧವನ್ನೇ ತೆಗೆಯಿರಿ ಎಂದರು! ಮೂಲದ ತಿರುಳು ಎಲ್ಲಿದೆ ಎಂದು ಕಾಣದವರು ಬೇಡದ್ದನ್ನು ಸೇರಿಸಿ, ಇದ್ದದ್ದನ್ನು ಹಿಗ್ಗಿಸಿ ಕೆಡಿಸುತ್ತಾರೆ ಎನ್ನುವುದು ಅವರ ದೂರು.

ಸಿನಿಮಾದ ನಿರ್ದೇಶಕ ಪೀಟರ್ ಜ್ಯಾಕ್ಸನ್ ಆ ಯುದ್ಧವನ್ನೇ ಎರಡನೆಯ ಸಿನಿಮಾದ ಶಿಖರ ಮಾಡಿದರು, ತಿಂಗಳುಗಟ್ಟಲೆ ರಾತ್ರಿ ಚಿತ್ರೀಕರಣ ಮಾಡಿ. ಪುಸ್ತಕದಲ್ಲಿ ಅದು ಒಂದು ಅಧ್ಯಾಯ. ಇರಲಿ. ಎಲ್ಫ್‌ಗಳು ಬಂದು ಅಲ್ಲಿ ಸತ್ತರೆ ಕತೆಗೆ ಅಂಥ ನಷ್ಟವೇನೂ ಇಲ್ಲ. ಬಾಂಬಡಿಲ್ ನನಗೂ ಇಷ್ಟ, ಆದರೆ ಉಂಗುರವನ್ನು ಬೆಂಕಿಬೆಟ್ಟಕ್ಕೆ ಒಯ್ದು ನಾಶ ಮಾಡುವ ಪ್ರಯಾಣ ಅವನಿಲ್ಲದೆ ನಿಲ್ಲುವುದಿಲ್ಲ. ಇನ್ನೊಂದನ್ನೂ ನೆನಪಿಡು. 1978ರಲ್ಲಿ ರಾಲ್ಫ್ ಬಾಕ್ಷಿ ಮಾಡಿದ ಕಾರ್ಟೂನ್ ಚಿತ್ರ ಅರ್ಧ ಕತೆಗೇ ನಿಂತುಹೋಯಿತು. ಜ್ಯಾಕ್ಸನ್ ಮೊದಲು ಸೇರಿದ್ದ ಸ್ಟುಡಿಯೊ ಇಡೀ ಕತೆಯನ್ನು ಒಂದೇ ಸಿನಿಮಾಕ್ಕೆ ಇಳಿಸಿ ಎಂದು ಪಟ್ಟು ಹಿಡಿದಿತ್ತು. ಎರಡು ಚಿತ್ರಗಳ ಯೋಜನೆ ಹಿಡಿದು ಅವರು ನ್ಯೂ ಲೈನ್ ಸಂಸ್ಥೆಗೆ ಹೋದಾಗ, ಮೂರು ಸಂಪುಟ ಇರುವಾಗ ಸಿನಿಮಾ ಎರಡೇ ಯಾಕೆ ಎಂದು ಕೇಳಿದವರು ಅಲ್ಲಿನ ರಾಬರ್ಟ್ ಶೇ. ಆ ಒಂದು ಪ್ರಶ್ನೆಯಿಂದ ನಮಗೆ ಎಷ್ಟು ಉಳಿಯಿತು ನೋಡು.

ಈಗ ನಿನ್ನ ಪಟ್ಟಿಯಲ್ಲಿ ಇಲ್ಲದ ಮಾತಿಗೆ ಬರುತ್ತೇನೆ. ಗಾಲಮ್, ಉಂಗುರದ ಆಸೆಗೆ ಸಿಕ್ಕಿ ಹಾಳಾದವನು.

ಎರಡನೆಯ ಸಿನಿಮಾದಲ್ಲಿ ಉಂಗುರ ಹೊತ್ತ ಫ್ರೋಡೊ, ಅವನ ಜೊತೆಗಾರ ಸ್ಯಾಮ್ ಮಲಗಿದ್ದಾಗ ಗಾಲಮ್ ತನ್ನೊಂದಿಗೆ ತಾನೇ ಜಗಳಕ್ಕೆ ನಿಲ್ಲುತ್ತಾನಲ್ಲ, ಅದನ್ನು ಇನ್ನೊಮ್ಮೆ ಹಾಕಿ ನೋಡು. ಮೊದಲು ಕ್ಯಾಮೆರಾ ಒಂದೇ ಮುಖದ ಆಚೆಗೆ ಈಚೆಗೆ ಸರಿಯುತ್ತದೆ. ಆಮೇಲೆ ಇಬ್ಬರು ಎದುರುಬದುರು ಕೂತು ಮಾತಾಡುವಾಗ ಹೇಗೆ ತೋರಿಸುತ್ತಾರೋ ಹಾಗೆ ಒಮ್ಮೆ ಕೆಟ್ಟ ಗಾಲಮ್, ಒಮ್ಮೆ ಅವನೊಳಗಿನ ಒಳ್ಳೆಯ ಸ್ಮೀಗಲ್ ಎಂದು ತುಂಡರಿಸುತ್ತದೆ. ಇರುವವನು ಒಬ್ಬನೇ ಎಂದು ನಮಗೆ ಮರೆತೇಹೋಗುತ್ತದೆ. ಆಂಡಿ ಸರ್ಕಿಸ್ ಸೆಟ್ಟಿನಲ್ಲಿ ತೆವಳಿ, ಕೆಮ್ಮಿ, ಅತ್ತು ಆಡಿದ್ದನ್ನು ಅನಿಮೇಶನ್ ಕಲಾವಿದರು ಆ ಒಣಕಲು ಮೈಗೆ, ದೊಡ್ಡ ಕಣ್ಣಿಗೆ ಇಳಿಸಿದರು. ಪುಸ್ತಕದಲ್ಲಿ ಇದೇ ಜಗಳ ಸ್ಯಾಮ್‌ನ ಕಿವಿಗೆ ಬೀಳುತ್ತದೆ. ಅವನು ಅರೆಗಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾನೆ. ಕೆಟ್ಟ ದನಿ ಮಾತಾಡಿದಾಗಲೆಲ್ಲ ಗಾಲಮ್‌ನ ಉದ್ದ ಕೈ ಮಲಗಿದ್ದ ಫ್ರೋಡೊ ಕಡೆಗೆ ಮೆಲ್ಲಗೆ ಚಾಚುತ್ತದೆ, ಒಳ್ಳೆಯ ದನಿ ಬಂದ ಕೂಡಲೇ ಸರಕ್ಕನೆ ಹಿಂದಕ್ಕೆ ಹೋಗುತ್ತದೆ. ಟೋಲ್ಕಿನ್ ಕೈಗೆ ಕೊಟ್ಟದ್ದನ್ನು ಸಿನಿಮಾ ಮುಖಕ್ಕೆ ಕೊಟ್ಟಿತು. ಎರಡೂ ನಿಜ, ಎರಡೂ ಅವನೇ. ಇಂಥ ಬದಲಾವಣೆಗೆ ನಾನು ಕೈಮುಗಿಯುತ್ತೇನೆ.

ಆದರೆ ಕಿರಿತ್ ಉಂಗೋಲ್ ಮೆಟ್ಟಿಲುಗಳ ಮೇಲೆ ಆದದ್ದು? ಅಲ್ಲಿ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪುಸ್ತಕದ ಆ ಪುಟ ನೀನು ಓಡಿಸಿಕೊಂಡು ಓದಿರಬೇಕು, ಮುಂದೆ ಜೇಡ ಬರುತ್ತದೆ ಎಂಬ ಆತುರದಲ್ಲಿ. ತಿರುಗಿ ಓದು. ಫ್ರೋಡೊ ಸ್ಯಾಮ್‌ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ, ಸ್ಯಾಮ್‌ಗೂ ಜೋಂಪು ಹತ್ತಿದೆ. ಇಬ್ಬರನ್ನೂ ಶೆಲಾಬ್ ಎಂಬ ಹೆಮ್ಮಾರಿ ಜೇಡಕ್ಕೆ ಒಪ್ಪಿಸುವ ಏರ್ಪಾಡಿನಲ್ಲಿರುವ ಗಾಲಮ್ ವಾಪಸು ಬರುತ್ತಾನೆ. ಬಂದವನು ನಿಂತು ನೋಡುತ್ತಾನೆ. ಕಣ್ಣಿನ ಹಸಿರು ಹೊಳಪು ಆರುತ್ತದೆ. ಹಿಂತಿರುಗಿ ಕಣಿವೆಯ ಕಡೆ ನೋಡಿ, ಒಳಗೇ ವಾದ ಮಾಡಿಕೊಳ್ಳುವವನಂತೆ ತಲೆಯಾಡಿಸುತ್ತಾನೆ. ಆಮೇಲೆ ನಡುಗುವ ಕೈ ಚಾಚಿ ಫ್ರೋಡೊನ ಮೊಣಕಾಲನ್ನು ಮುಟ್ಟುತ್ತಾನೆ, ನೇವರಿಸುವ ಹಾಗೆ. ಆ ಕ್ಷಣ ಯಾರಾದರೂ ನೋಡಿದ್ದರೆ ಬದುಕಿ ಬದುಕಿ ಸಾಕಾಗಿ, ತನ್ನವರೆಲ್ಲ ಹೋದ ಮೇಲೆ ಒಬ್ಬನೇ ಉಳಿದ ಮುದಿ ಹಾಬಿಟ್ ಒಬ್ಬ ಕಾಣುತ್ತಿದ್ದ. ಅಷ್ಟರಲ್ಲಿ ಸ್ಯಾಮ್‌ಗೆ ಎಚ್ಚರವಾಗುತ್ತದೆ. ಯಜಮಾನನ ಮೈಮೇಲೆ ಗಾಲಮ್ ಕೈ ಹಾಕಿದ್ದಾನೆ ಎಂದಷ್ಟೇ ಅವನಿಗೆ ಕಾಣುವುದು. ಗದರುತ್ತಾನೆ, ಕದ್ದು ಓಡಾಡುವವನು ಎಂದು ಹಂಗಿಸುತ್ತಾನೆ. ಮುಗಿಯಿತು. ಹಸಿರು ಹೊಳಪು ಕಣ್ಣಿಗೆ ಮರಳುತ್ತದೆ. ಒಳ್ಳೆಯವನಾಗಲು ಅವನಿಗೆ ಇದ್ದ ಆ ಗಳಿಗೆ ಮತ್ತೆ ಬರುವುದಿಲ್ಲ.

ಇಡೀ ಕತೆಯಲ್ಲಿ ಬಹುಶಃ ಅತ್ಯಂತ ದುರಂತದ ಕ್ಷಣ ಇದೇ ಎಂದು ಟೋಲ್ಕಿನ್ ಒಂದು ಪತ್ರದಲ್ಲಿ ಬರೆದಿದ್ದಾರೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನಾನು ಈ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಗಲಾಟೆ ಹುಡುಗರೂ ಸುಮ್ಮನಾಗುತ್ತಿದ್ದರು.

ಸಿನಿಮಾದಲ್ಲಿ ಈ ಜಾಗದಲ್ಲಿ ಏನಿದೆ? ಗಾಲಮ್ ಆ ಲೆಂಬಾಸ್ ರೊಟ್ಟಿಯನ್ನು ಪ್ರಪಾತಕ್ಕೆ ಎಸೆದು ಅದರ ಪುಡಿಯನ್ನು ಸ್ಯಾಮ್‌ನ ಬಟ್ಟೆಗೆ ಉದುರಿಸುತ್ತಾನೆ. ಫ್ರೋಡೊ ಆ ಸುಳ್ಳನ್ನು ನಂಬಿ, ಇಷ್ಟು ದೂರ ಜೊತೆಗೆ ಬಂದ ಸ್ಯಾಮ್‌ನನ್ನು ಮನೆಗೆ ಹೋಗು ಎನ್ನುತ್ತಾನೆ. ಜೇಡನ ಗುಹೆಗೆ ಫ್ರೋಡೊ ಒಬ್ಬನೇ ಹೋದರೆ ನೋಡುವವರ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ, ನಿಜ. ಆದರೆ ಅದಕ್ಕೆ ಕೊಟ್ಟ ಬೆಲೆ ಎಷ್ಟು! ಪುಸ್ತಕದಲ್ಲಿ ಒಳ್ಳೆಯ ಸ್ಯಾಮ್, ನಿಷ್ಠೆಯ ಸ್ಯಾಮ್, ನಮಗೆಲ್ಲ ಅಚ್ಚುಮೆಚ್ಚಿನ ಸ್ಯಾಮ್ ಆಡಿದ ಒಂದು ಒರಟು ಮಾತಿನಿಂದ ಇನ್ನೊಬ್ಬನ ದಾರಿ ಮುಚ್ಚುತ್ತದೆ. ಅವನು ಬೇಕೆಂದು ಆಡಿದ್ದಲ್ಲ, ಪ್ರೀತಿಯಿಂದಲೇ, ಕಾವಲಿನ ಭರದಲ್ಲಿ ಆಡಿದ್ದು. ಸಿನಿಮಾದಲ್ಲಿ ಸ್ಯಾಮ್ ಬರೀ ಅನ್ಯಾಯಕ್ಕೆ ಸಿಕ್ಕವನು, ಗಾಲಮ್ ಬರೀ ಕುತಂತ್ರಿ. ಇಬ್ಬರೂ ಸಣ್ಣವರಾದರು.

ಇದು ಅಲ್ಲಿಗೇ ನಿಲ್ಲುವುದಿಲ್ಲ. ಬೆಂಕಿಬೆಟ್ಟದ ಇಳಿಜಾರಿನಲ್ಲಿ ಅದೇ ಸ್ಯಾಮ್ ಕೈಯಲ್ಲಿ ಕತ್ತಿ ಹಿಡಿದು ಗಾಲಮ್ ಎದುರು ನಿಲ್ಲುತ್ತಾನೆ. ಕೊಲ್ಲಲು ಕಾರಣ ಬೇಕಾದಷ್ಟಿವೆ. ಆದರೆ ಅಷ್ಟರಲ್ಲಿ ಅವನೂ ಸ್ವಲ್ಪ ಹೊತ್ತು ಆ ಉಂಗುರವನ್ನು ಹೊತ್ತಿದ್ದಾನೆ, ಅದರ ಭಾರ ಗೊತ್ತು. ಕೈ ಏಳುವುದಿಲ್ಲ, ಬಿಟ್ಟುಬಿಡುತ್ತಾನೆ. ಮುಂದೆ ಬೆಟ್ಟದೊಳಗೆ ಫ್ರೋಡೊ ಸೋತು ಉಂಗುರ ನನ್ನದೆಂದಾಗ, ಅದು ಬೆಂಕಿಗೆ ಬೀಳುವುದು ಬದುಕಿ ಉಳಿದ ಈ ಗಾಲಮ್‌ನಿಂದಲೇ. ಫ್ರೋಡೊಗೆ ಮೊದಲು ಉಂಗುರ ಇಟ್ಟುಕೊಂಡಿದ್ದ ಬಿಲ್ಬೊ ಅವನನ್ನು ಕೊಲ್ಲದೆ ಬಿಟ್ಟಿದ್ದ, ಫ್ರೋಡೊ ಬಿಟ್ಟಿದ್ದ, ಕೊನೆಯದಾಗಿ ಸ್ಯಾಮ್ ಬಿಟ್ಟ. ಲೋಕ ಉಳಿದದ್ದು ಈ ಕರುಣೆಯ ಸಾಲಿನಿಂದ. ಕರುಣೆಯ ಬಗ್ಗೆ ಮಾಂತ್ರಿಕ ಗ್ಯಾಂಡಾಲ್ಫ್ ಹೇಳುವ ಮಾತನ್ನು ಸಿನಿಮಾ ಫ್ರೋಡೊನ ಮನೆಯಿಂದ ಮೋರಿಯಾ ಗಣಿಯ ಕತ್ತಲೆಗೆ ಒಯ್ದು ತುಂಬ ಚೆನ್ನಾಗಿ ಆಡಿಸಿತು. ಆದರೆ ಆ ಮಾತು ಸ್ಯಾಮ್‌ನ ಕೈಯಲ್ಲಿ ನಿಜವಾಗುವ ಜಾಗವನ್ನು ಮಾತ್ರ ಕಳೆದುಕೊಂಡಿತು. ಇದನ್ನು ನಿನ್ನ ಪಟ್ಟಿಯ ತಲೆಯ ಮೇಲೆ ಬರೆದುಕೊ.

ಎರಡನೆಯದು ಹಾಬಿಟ್‌ಗಳು ತಮ್ಮ ಊರು ಶೈರ್‌ಗೆ ಮರಳುವ ಅಧ್ಯಾಯ. ಯುದ್ಧ ಗೆದ್ದು ಬಂದ ನಾಲ್ವರು ಹಾಬಿಟ್‌ಗಳಿಗೆ ಊರೇ ಹಾಳಾಗಿರುವುದು ಕಾಣುತ್ತದೆ. ಮರ ಕಡಿದಿದ್ದಾರೆ, ಗಿರಣಿ ಹೊಗೆ ಕಾರುತ್ತಿದೆ, ಬಿಲ್ಬೊನ ಹುಟ್ಟುಹಬ್ಬ ನಡೆದ ಮೈದಾನದ ಮರವೂ ಇಲ್ಲ. ಬಾಲ್ಯದ ಹಳ್ಳಿಗಾಡು ತಾನು ಹತ್ತು ವರ್ಷದವನಾಗುವ ಮೊದಲೇ ಹಾಳಾಗುತ್ತಿದ್ದುದನ್ನು ಕಂಡವರು ಟೋಲ್ಕಿನ್. 1916ರಲ್ಲಿ ಸೋಮ್ ಯುದ್ಧದ ಕಂದಕಗಳಲ್ಲಿದ್ದವರು. 1918ರ ಹೊತ್ತಿಗೆ ಅವರ ಆಪ್ತ ಗೆಳೆಯರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ತೀರಿಹೋಗಿದ್ದರು. ಯುದ್ಧಕ್ಕೆ ಹೋದವನಿಗೆ ಹಳೆಯ ಊರು ಮತ್ತೆ ಸಿಗುವುದಿಲ್ಲ ಎಂದು ಅವರಿಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಸಿನಿಮಾ ಈ ಅಧ್ಯಾಯವನ್ನು ಪೂರ್ತಿ ಬಿಟ್ಟಿತು. ಬದಲಿಗೆ ಊರು ಹಾಗೆಯೇ ಇದೆ, ನಾಲ್ವರು ಹೆಂಡದಂಗಡಿಯಲ್ಲಿ ಲೋಟ ಹಿಡಿದು ಕೂತಿದ್ದಾರೆ, ಸುತ್ತ ಗದ್ದಲ, ಇವರು ಏನು ಮಾಡಿ ಬಂದರೆಂದು ಯಾರೂ ಕೇಳುವುದಿಲ್ಲ, ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನನಗೆ ಇಂದಿಗೂ ಆ ಅಧ್ಯಾಯವೇ ಬೇಕು. ಆದರೂ ಈ ದೃಶ್ಯವನ್ನು ಸುಳ್ಳೆನ್ನಲಾರೆ. ಬೇರೆ ದಾರಿ ಹಿಡಿದು ಅದೇ ನೋವಿನ ಹತ್ತಿರಕ್ಕೆ ಅದು ಹೋಗಿದೆ.

ಸಿನಿಮಾ ಗೆದ್ದ ಕಡೆ ಗೆದ್ದಿತೆಂದು ಒಪ್ಪುವ ದೊಡ್ಡ ಮನಸ್ಸೂ ಅಭಿಮಾನಿಗೆ ಇರಬೇಕು. ಗಾಂಡಾರ್ ರಾಜ್ಯದ ಎಚ್ಚರಿಕೆಯ ಬೆಂಕಿ ನೆನಪಿದೆಯೇ? ಪುಸ್ತಕದಲ್ಲಿ ಗ್ಯಾಂಡಾಲ್ಫ್ ಜೊತೆ ಕುದುರೆಯ ಮೇಲೆ ಹೋಗುತ್ತ ಆ ನಾಲ್ವರಲ್ಲೊಬ್ಬನಾದ ಪಿಪ್ಪಿನ್ ಅದನ್ನು ದೂರದಿಂದ ಕಾಣುತ್ತಾನೆ, ಅಷ್ಟೇ. ಸಿನಿಮಾದಲ್ಲಿ ಪಿಪ್ಪಿನ್ ತಾನೇ ಹತ್ತಿ ಕಿಡಿ ಹಚ್ಚುತ್ತಾನೆ. ನ್ಯೂಜಿಲೆಂಡಿನ ಹಿಮದ ಬೆಟ್ಟಗಳ ನೆತ್ತಿಯಿಂದ ನೆತ್ತಿಗೆ ಬೆಂಕಿ ಹಾರುತ್ತ ಹೋಗುತ್ತದೆ, ಹವರ್ಡ್ ಶೋರ್ ಸಂಗೀತ ಅದರ ಜೊತೆ ಏರುತ್ತ ಹೋಗುತ್ತದೆ. ಮಾತೇ ಇಲ್ಲ. ಥಿಯೇಟರಿನಲ್ಲಿ ನಾನು ಕಣ್ಣೊರೆಸಿಕೊಂಡ ಜಾಗ ಅದು.

ಆದ್ದರಿಂದ ಆ ಶಪಥವನ್ನು ಬಿಡು ಮಗಳೇ. ಸಿನಿಮಾ ಮಾತ್ರ ನೋಡಿದ ಗೆಳತಿಯರನ್ನು ಕೀಳಾಗಿ ಕಾಣಬೇಡ. ಮೆಟ್ಟಿಲಿನ ಪುಟವನ್ನು ಅವರಿಗೆ ಓದಿ ಹೇಳು, ಪುಸ್ತಕ ಬೇಕಾದವರು ಕೇಳಿ ತೆಗೆದುಕೊಳ್ಳುತ್ತಾರೆ.

ಇನ್ನೊಂದು. ಅರ್ವೆನ್–ಅರಗಾರ್ನ್ ಕತೆಯನ್ನು ಸಿನಿಮಾದವರು ಹುಟ್ಟಿಸಿದ್ದೆಂದು ಬರೆದಿದ್ದೀಯ. ಮೂರನೆಯ ಸಂಪುಟದ ಕೊನೆಯ ಅನುಬಂಧಗಳನ್ನು ನೀನು ಓದಿಲ್ಲವೆಂದು ಅದರಿಂದಲೇ ಗೊತ್ತಾಯಿತು. ಅರಗಾರ್ನ್ ಸತ್ತ ಮೇಲೆ ಅರ್ವೆನ್ ಒಬ್ಬಳೇ ಉಳಿದು ಕೊರಗುವುದನ್ನು ಎರಡನೆಯ ಸಿನಿಮಾದಲ್ಲಿ ಎಲ್ರಾಂಡ್ ಮಗಳಿಗೆ ಮುಂಚಿತವಾಗಿ ಹೇಳುತ್ತಾನಲ್ಲ, ಅದರ ಮೂಲ ಮೊದಲನೆಯ ಅನುಬಂಧದಲ್ಲಿದೆ. ಕೆಲವೇ ಪುಟ. ಮುದುಕನಾದ ಅರಗಾರ್ನ್ ತಾನಾಗಿ ಪ್ರಾಣ ಬಿಡಲು ಮಲಗುವಾಗ ಅವಳು ಆಡುವ ಮಾತನ್ನು ಓದಿ, ಸಿನಿಮಾದವರು ಅಲ್ಲಿಂದ ಏನು ಎತ್ತಿಕೊಂಡರು, ಏನು ಬಿಟ್ಟರು ಎಂದು ಮುಂದಿನ ಕಾಗದದಲ್ಲಿ ಬರೆ. ಅಮ್ಮನನ್ನು ಕೇಳಿದೆನೆಂದು ಹೇಳು.

ನಿನ್ನ,
ದೊಡ್ಡಮ್ಮ