ಮೈಕ್ ಹಿಡಿದವರ ಬಂಡವಾಳ: ಚಾರು ಶರ್ಮಾ ಅವರ ವೃತ್ತಿಜೀವನದಿಂದ ಕಾಮರ್ಸ್ ವಿದ್ಯಾರ್ಥಿಗಳಿಗೆ ಕೆಲವು ಪಾಠಗಳು

ಕಾಮರ್ಸ್ ಓದುವ ನಮ್ಮನ್ನು "ಮುಂದೆ ಏನು?" ಎಂದು ಯಾರೇ ಕೇಳಲಿ, ಉತ್ತರ ನಾಲ್ಕೇ ಮಾತಿನಲ್ಲಿ ಮುಗಿಯುತ್ತದೆ: ಸಿಎ, ಬ್ಯಾಂಕು, ಅಪ್ಪನ ಅಂಗಡಿ, ಇಲ್ಲವೇ ಗಲ್ಫ್. ಆದರೆ ಪ್ರತಿ ತರಗತಿಯಲ್ಲೂ ಇನ್ನೊಂದು ಬಗೆಯ ವಿದ್ಯಾರ್ಥಿಗಳಿರುತ್ತಾರೆ. ಕ್ರೀಡಾಕೂಟದ ದಿನ ಅವರು ಓಡುವುದೂ ಇಲ್ಲ, ಎಸೆಯುವುದೂ ಇಲ್ಲ. ಮೈಕ್ ಎಲ್ಲಿದೆಯೋ ಅಲ್ಲಿರುತ್ತಾರೆ. ಮನೆಯಲ್ಲಿ ಅವರಿಗೆ "ಬರೀ ಬಾಯಿ" ಎಂಬ ಹೆಸರು. ನಮ್ಮ ಉರ್ದು ಮನೆಗಳಲ್ಲಾದರೆ "ಖಾಲಿ ಬಾತಾಂ" ಎನ್ನುತ್ತಾರೆ, ಅಂದರೆ ಬರಿದೇ ಮಾತು.

ಮಾತು ನಿಜವಾಗಿಯೂ ಖಾಲಿಯೇ? ಅದರಿಂದ ಒಂದು ವೃತ್ತಿ ಕಟ್ಟಲು ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಂಗಳೂರಿನಲ್ಲಿ ನೆಲೆಸಿರುವ ಹಿರಿಯ ಕ್ರೀಡಾ ಪ್ರಸಾರಕ ಚಾರು ಶರ್ಮಾ ಅವರ ವೃತ್ತಿಜೀವನವನ್ನು ಈ ಲೇಖನದಲ್ಲಿ ನೋಡೋಣ. ನಾವು ಪುಸ್ತಕದಲ್ಲಿ ಓದುವ ಗುಡ್‌ವಿಲ್, ಉದ್ಯಮಶೀಲತೆ, ಬೆಲೆ ನಿರ್ಧಾರ ಮೊದಲಾದ ಪಾಠಗಳು ಅವರ ಬದುಕಿನಲ್ಲಿ ಒಂದೊಂದಾಗಿ ಸಿಗುತ್ತವೆ.

ಮೊದಲು ಕೆಲಸ ಏನೆಂದು ತಿಳಿಯೋಣ

ಟಿವಿಯಲ್ಲಿ ಪಂದ್ಯ ನೋಡುವಾಗ ಮಾತನಾಡುವವರೆಲ್ಲ ಒಂದೇ ಎಂದು ನಮಗೆ ಅನಿಸುತ್ತದೆ. ಆದರೆ ಅಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ.

1. ವೀಕ್ಷಕ ವಿವರಣೆಗಾರ. ಮೈದಾನದಲ್ಲಿ ಆಗುತ್ತಿರುವುದನ್ನು ಆಗಲೇ ಹೇಳುವವರು.
2. ತಜ್ಞ. ಸಾಮಾನ್ಯವಾಗಿ ಮಾಜಿ ಆಟಗಾರರು. ಯಾಕೆ ಹಾಗಾಯಿತು ಎಂದು ವಿವರಿಸುವವರು.
3. ನಿರೂಪಕ. ಸ್ಟುಡಿಯೋದಲ್ಲಿ ಕುಳಿತು ಕಾರ್ಯಕ್ರಮ ನಡೆಸುವವರು. ತಜ್ಞರಿಂದ ಮಾತು ಹೊರಡಿಸುವುದು, ಜಾಹೀರಾತಿನ ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು, ಮಳೆ ಬಂದು ಆಟ ನಿಂತರೆ ಆ ಹೊತ್ತನ್ನು ತುಂಬಿಸುವುದು ಇವರ ಹೊಣೆ.

ನಿರೂಪಕರ ಕಿವಿಯಲ್ಲಿ ಒಂದು ಸಣ್ಣ ಇಯರ್‌ಪೀಸ್ ಇರುತ್ತದೆ. ಅವರು ನಮ್ಮೊಡನೆ ಮಾತನಾಡುತ್ತಿರುವಾಗಲೇ ನಿರ್ಮಾಪಕರು ಆ ಕಿವಿಯಲ್ಲಿ ಸೂಚನೆ ಕೊಡುತ್ತಿರುತ್ತಾರೆ. ಒಂದು ಕಡೆ ಕೇಳುತ್ತಾ, ಇನ್ನೊಂದು ಕಡೆ ತಡವರಿಸದೆ ಮಾತನಾಡಬೇಕು.

ರೇಡಿಯೋಗೂ ಟಿವಿಗೂ ವ್ಯತ್ಯಾಸವಿದೆ. ರೇಡಿಯೋದಲ್ಲಿ ಚಿತ್ರವಿಲ್ಲ, ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನೂ ಮಾತಿನಲ್ಲೇ ಹೇಳಬೇಕು. ಟಿವಿಯಲ್ಲಿ ಚೆಂಡು ಬೌಂಡರಿ ದಾಟಿದ್ದು ನಮಗೇ ಕಾಣುತ್ತದೆ. ಕಂಡದ್ದನ್ನೇ ಮತ್ತೆ ಹೇಳಿದರೆ ಬೇಸರ ಬರುತ್ತದೆ. ಆದ್ದರಿಂದ ಟಿವಿಯಲ್ಲಿ ಎಲ್ಲಿ ಸುಮ್ಮನಿರಬೇಕು ಎಂದು ತಿಳಿದವರೇ ಒಳ್ಳೆಯ ಮಾತುಗಾರರು.

ಆಡದವರಿಗೂ ಜಾಗವಿದೆ

ಚಾರು ಶರ್ಮಾ ಭಾರತ ತಂಡಕ್ಕೆ ಆಡಿದವರಲ್ಲ. ಹರ್ಷ ಭೋಗ್ಲೆಯವರೂ ಅಷ್ಟೆ. ಅವರು ಕೆಮಿಕಲ್ ಎಂಜಿನಿಯರಿಂಗ್ ಓದಿ, ಅಹಮದಾಬಾದಿನ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಕಲಿತು, ನಂತರ ಮೈಕಿನ ಮುಂದೆ ಬಂದವರು. ಮಾಜಿ ಆಟಗಾರನಿಗೆ ತನ್ನ ಹೆಸರೇ ಬಂಡವಾಳ. ಆಡದವನಿಗೆ ಆ ಬಂಡವಾಳವಿಲ್ಲ. ಅವನು ಓದಿನಿಂದ, ತಯಾರಿಯಿಂದ, ಸ್ಪಷ್ಟ ಮಾತಿನಿಂದ ಅದನ್ನು ಸಂಪಾದಿಸಬೇಕು.

2003ರ ವಿಶ್ವಕಪ್ ಸಮಯದಲ್ಲಿ ಸೋನಿ ಸಂಸ್ಥೆಯ ಮ್ಯಾಕ್ಸ್ ವಾಹಿನಿ 'ಎಕ್ಸ್‌ಟ್ರಾ ಇನ್ನಿಂಗ್ಸ್' ಎಂಬ ಕಾರ್ಯಕ್ರಮ ನಡೆಸಿತು. ಚಾರು ಶರ್ಮಾ ಮತ್ತು ನಟಿ ಮಂದಿರಾ ಬೇಡಿ ಅದರ ನಿರೂಪಕರಾಗಿದ್ದರು. ಕ್ರಿಕೆಟ್ ಗೊತ್ತಿರುವವರು ಮಾತ್ರವಲ್ಲ, ಮನೆಯ ಎಲ್ಲರೂ ಕುಳಿತು ನೋಡಬೇಕು ಎಂಬುದು ವಾಹಿನಿಯ ಲೆಕ್ಕ. ನಟಿಯೊಬ್ಬರು ಕ್ರಿಕೆಟ್ ಬಗ್ಗೆ ಮಾತನಾಡುವುದೇ ಎಂದು ಆಗ ಅನೇಕರು ಟೀಕಿಸಿದರು. ಇಂದು ಹೆಣ್ಣುಮಕ್ಕಳು ಕ್ರೀಡಾ ಕಾರ್ಯಕ್ರಮ ನಡೆಸುವುದು ಯಾರಿಗೂ ವಿಶೇಷ ಅನಿಸುವುದಿಲ್ಲ. ನಮ್ಮ ಕಾಲೇಜಿನ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು.

ಸೋಲಿನ ಅಧ್ಯಾಯ

2008ರಲ್ಲಿ ಐಪಿಎಲ್ ಶುರುವಾದಾಗ ಚಾರು ಶರ್ಮಾ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಸಿಇಒ ಆದರು. ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಪಂದ್ಯ. ಕೋಲ್ಕತ್ತ ತಂಡದ ಬ್ರೆಂಡನ್ ಮೆಕಲಮ್ ಅಜೇಯ 158 ರನ್ ಹೊಡೆದರು. ಬೆಂಗಳೂರು 82 ರನ್ನಿಗೆ ಆಲೌಟ್ ಆಗಿ 140 ರನ್‌ಗಳಿಂದ ಸೋತಿತು. ಸೋಲುಗಳು ಮುಂದುವರಿದವು. ಮೇ ತಿಂಗಳಲ್ಲಿ, ಟೂರ್ನಿ ಇನ್ನೂ ನಡೆಯುತ್ತಿರುವಾಗಲೇ, ಚಾರು ಶರ್ಮಾ ಆ ಹುದ್ದೆಯಿಂದ ಹೊರಬಂದರು. ಅವರ ಜಾಗಕ್ಕೆ ಬ್ರಿಜೇಶ್ ಪಟೇಲ್ ಬಂದರು. ಆ ವರ್ಷ ತಂಡ 14 ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕು ಮಾತ್ರ.

ಸಾಧಕರ ಬಗ್ಗೆ ಬರೆಯುವಾಗ ಇಂಥ ಪುಟವನ್ನು ಬಿಟ್ಟುಬಿಡುವುದು ರೂಢಿ. ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಮಾತ್ರ ಬರೆದು ಹೊಣೆಗಾರಿಕೆ ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ದೇಶವೆಲ್ಲ ನೋಡುತ್ತಿರುವಾಗ ಕೆಲವೇ ವಾರಗಳಲ್ಲಿ ಹುದ್ದೆ ಕಳೆದುಕೊಂಡವರು ಮುಂದೆ ಏನು ಮಾಡಿದರು ಎಂಬುದೇ ನಮಗೆ ಮುಖ್ಯ.

ಯಾರೂ ಬೆಲೆ ಕಟ್ಟದ ಆಟ

2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಚಾರು ಶರ್ಮಾ ಕಬಡ್ಡಿಗೆ ವೀಕ್ಷಕ ವಿವರಣೆ ನೀಡಿದ್ದರು. ಅಲ್ಲಿ ಆ ಆಟಕ್ಕೆ ಸಿಕ್ಕ ಜನಪ್ರೀತಿ ಅವರ ತಲೆಯಲ್ಲಿ ಉಳಿಯಿತು. 1990ರಿಂದ ಕಬಡ್ಡಿ ಏಷ್ಯನ್ ಕ್ರೀಡಾಕೂಟದಲ್ಲಿದೆ; ಭಾರತ ಚಿನ್ನ ಗೆಲ್ಲುತ್ತಲೇ ಇತ್ತು. ಆದರೂ ನಮ್ಮ ಟಿವಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅದು ಹಳ್ಳಿಯ ಆಟ, ಮಣ್ಣಿನ ಆಟ, ಯಾರು ನೋಡುತ್ತಾರೆ ಎಂಬ ಭಾವನೆ.

ಚಾರು ಶರ್ಮಾ ಮತ್ತು ಉದ್ಯಮಿ ಆನಂದ್ ಮಹೀಂದ್ರ ಸೇರಿ 'ಮಶಾಲ್ ಸ್ಪೋರ್ಟ್ಸ್' ಸಂಸ್ಥೆ ಕಟ್ಟಿದರು. 2014ರ ಜುಲೈ 26ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಎಂಟು ತಂಡಗಳು, ಅದರಲ್ಲಿ ನಮ್ಮ ಬೆಂಗಳೂರು ಬುಲ್ಸ್ ಕೂಡ ಒಂದು. ಒಳಾಂಗಣ, ಮ್ಯಾಟ್, ಬಣ್ಣದ ದೀಪ, ಹತ್ತಿರದಿಂದ ಹಿಡಿಯುವ ಕ್ಯಾಮೆರಾ, ಒಂದು ರೈಡಿಗೆ 30 ಸೆಕೆಂಡು. ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಔಟ್ ಎಂಬ 'ಡು ಆರ್ ಡೈ' ನಿಯಮದಿಂದ ಆಟ ಎಲ್ಲೂ ಮಂದವಾಗದಂತೆ ಆಯಿತು. ಮೊದಲ ಆವೃತ್ತಿಯನ್ನೇ ಸುಮಾರು 43.5 ಕೋಟಿ ಜನ ನೋಡಿದರೆಂದು ವರದಿಯಾಯಿತು. 2015ರಲ್ಲಿ ಸ್ಟಾರ್ ಇಂಡಿಯಾ ಮಶಾಲ್ ಸ್ಪೋರ್ಟ್ಸ್‌ನ ಶೇ. 74ರಷ್ಟು ಪಾಲನ್ನು ಕೊಂಡುಕೊಂಡಿತು.

ಇದರ ಫಲ ಆಟಗಾರರಿಗೆ ಏನು ಸಿಕ್ಕಿತು? 2014ರ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ರಾಕೇಶ್ ಕುಮಾರ್ ಅವರಿಗೆ, ರೂ. 12.80 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್ ಅವರಿಗೆ ರೂ. 2.605 ಕೋಟಿ. ಒಂಬತ್ತು ವರ್ಷಗಳಲ್ಲಿ ಇಪ್ಪತ್ತು ಪಟ್ಟು. ಆಟ ಅದೇ, ಮೈಬೆವರು ಅದೇ. ಬದಲಾದದ್ದು ಅದನ್ನು ತೋರಿಸಿದ ರೀತಿ.

ಆದರೆ ಈ ಲಾಭ ಎಲ್ಲರಿಗೂ ಸಮನಾಗಿ ಬರಲಿಲ್ಲ. ನಮ್ಮ ಉಡುಪಿ ಜಿಲ್ಲೆಯ ಕಾರ್ಕಳ ಕಡೆಯವರಾದ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಅವರಂಥವರಿಗಾಗಿ 2016ರಲ್ಲಿ ಮೂರು ತಂಡಗಳ 'ವುಮೆನ್ಸ್ ಕಬಡ್ಡಿ ಚಾಲೆಂಜ್' ಟಿವಿಯಲ್ಲಿ ಬಂತು. ಫೈನಲ್ 24-23ರಲ್ಲಿ, ಒಂದೇ ಅಂಕದ ಅಂತರದಲ್ಲಿ ಮುಗಿಯಿತು. ಅಷ್ಟು ರೋಚಕವಾಗಿದ್ದರೂ ಆ ಟೂರ್ನಿ ಒಂದೇ ಆವೃತ್ತಿಗೆ ನಿಂತುಹೋಯಿತು. ಕ್ಯಾಮೆರಾ ಯಾರ ಕಡೆ ತಿರುಗುತ್ತದೋ ಅವರಿಗೆ ಬೆಲೆ ಬರುತ್ತದೆ. ತಿರುಗದವರಿಗೆ ಪದಕವಿದ್ದರೂ ಬೆಲೆ ಬರುವುದಿಲ್ಲ.

ಊಟದ ಹೊತ್ತಿಗೆ ಬಂದ ಕರೆ

2022ರ ಫೆಬ್ರವರಿ 12, ಬೆಂಗಳೂರು. ಐಪಿಎಲ್ ಮೆಗಾ ಹರಾಜು ನಡೆಯುತ್ತಿತ್ತು. ಶ್ರೀಲಂಕಾದ ವನಿಂದು ಹಸರಂಗ ಅವರ ಬೆಲೆ ಏರುತ್ತಾ ರೂ. 10.75 ಕೋಟಿಗೆ ಬಂದಿತ್ತು. ಆಗ ಹರಾಜು ನಡೆಸುತ್ತಿದ್ದ ಬ್ರಿಟನ್ನಿನ ಹ್ಯೂ ಎಡ್ಮೀಡ್ಸ್ ರಕ್ತದೊತ್ತಡ ಕುಸಿದು ವೇದಿಕೆಯಿಂದ ಬಿದ್ದುಬಿಟ್ಟರು. ಹರಾಜು ನಿಂತಿತು. ಹತ್ತು ತಂಡಗಳು, ನೂರಾರು ಆಟಗಾರರ ಭವಿಷ್ಯ, ನೇರ ಪ್ರಸಾರ. ಯಾರನ್ನು ಕರೆಯುವುದು?

ಹತ್ತಿರದಲ್ಲೇ ಮನೆಯಿದ್ದ ಚಾರು ಶರ್ಮಾ ಅವರಿಗೆ ಕರೆ ಹೋಯಿತು. ಅವರು ಬಂದರು, ಪಟ್ಟಿ ನೋಡಿದರು, ಸುತ್ತಿಗೆ ಹಿಡಿದರು. ಆ ಹರಾಜಿನ ಅತಿ ದೊಡ್ಡ ಬೆಲೆಯಾದ ಇಶಾನ್ ಕಿಶನ್ ಅವರ ರೂ. 15.25 ಕೋಟಿ ತೀರ್ಮಾನವಾದದ್ದು ಅವರ ಕೈಯಿಂದಲೇ. ಖಲೀಲ್ ಅಹ್ಮದ್ ಅವರ ಹರಾಜಿನಲ್ಲಿ ಕೊನೆಯ ಕೂಗು ಯಾರದೆಂಬ ಗೊಂದಲದ ಬಗ್ಗೆ ಚರ್ಚೆಯೂ ನಡೆಯಿತು. ಅಷ್ಟು ವೇಗದ ಕೆಲಸದಲ್ಲಿ ಒಂದು ಕ್ಷಣದ ಗಮನಕ್ಕೂ ಎಷ್ಟು ಬೆಲೆ ಎಂಬುದಕ್ಕೆ ಅದೇ ಉದಾಹರಣೆ. ಮರುದಿನ ಕೊನೆಯ ಹಂತಕ್ಕೆ ಚೇತರಿಸಿಕೊಂಡ ಎಡ್ಮೀಡ್ಸ್ ಮತ್ತೆ ಬಂದರು. ಒಟ್ಟು 204 ಆಟಗಾರರು ರೂ. 551.70 ಕೋಟಿಗೆ ಮಾರಾಟವಾದರು. 2008ರಲ್ಲಿ ಚಾರು ಶರ್ಮಾ ಅವರ ಜಾಗಕ್ಕೆ ಬಂದಿದ್ದ ಬ್ರಿಜೇಶ್ ಪಟೇಲ್ ಅವರೇ ಈಗ ಐಪಿಎಲ್ ಅಧ್ಯಕ್ಷರಾಗಿದ್ದರು ಎಂಬುದೂ ಗಮನಿಸಬೇಕಾದ ಸಂಗತಿ.

ಗಂಗೊಳ್ಳಿ ಬಂದರಿನಲ್ಲಿ ಮೀನಿನ ಏಲಂ ನೋಡಿದವರಿಗೆ ಈ ಕೆಲಸದ ಕಷ್ಟ ತಿಳಿಯುತ್ತದೆ. ಕೂಗುವವನ ಕಣ್ಣು ಸುತ್ತ ನಿಂತವರ ಮೇಲೆಲ್ಲ ಇರಬೇಕು. ಯಾರು ತಲೆ ಆಡಿಸಿದರು, ಯಾರು ಹಿಂದೆ ಸರಿದರು ಎಂದು ತಪ್ಪದೆ ಹಿಡಿಯಬೇಕು. ಎರಡೂ ಕಡೆಯವರಿಗೆ ಅವನ ಮೇಲೆ ನಂಬಿಕೆ ಇರಬೇಕು. ಇಂಥ ನಂಬಿಕೆ ಒಂದೇ ಮಧ್ಯಾಹ್ನದಲ್ಲಿ ಹುಟ್ಟುವುದಿಲ್ಲ. ಎಷ್ಟೋ ವರ್ಷ ನೇರ ಪ್ರಸಾರದ ಮುಂದೆ ನಿಂತ ಮನುಷ್ಯನಿಗೆ ಆ ಕರೆ ಬಂತು. ಲೆಕ್ಕಶಾಸ್ತ್ರದಲ್ಲಿ ನಾವು ಇದನ್ನೇ ಗುಡ್‌ವಿಲ್ ಎನ್ನುತ್ತೇವೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಆದರೆ ಅದು ಆಸ್ತಿ.

ಒಂದು ಎಸೆತದ ಬೆಲೆ

ಈ ಕ್ಷೇತ್ರ ಎಷ್ಟು ದೊಡ್ಡದು? 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ರೂ. 48,390 ಕೋಟಿಗೆ ಮಾರಾಟವಾಯಿತು. ಪಂದ್ಯಗಳು 410. ಭಾಗಿಸಿದರೆ ಒಂದು ಪಂದ್ಯಕ್ಕೆ ಸುಮಾರು ರೂ. 118 ಕೋಟಿ. ಪಂದ್ಯಕ್ಕೆ 240 ಎಸೆತ ಎಂದುಕೊಂಡರೆ ಒಂದು ಎಸೆತಕ್ಕೆ ಸುಮಾರು ರೂ. 49 ಲಕ್ಷ. ಈ ಹಣ ಜಾಹೀರಾತಿನಿಂದ, ಚಂದಾದಿಂದ ವಾಪಸ್ ಬರಬೇಕು. ಜನ ಚಾನೆಲ್ ಬದಲಿಸದಂತೆ ಹಿಡಿದಿಡುವುದರಲ್ಲಿ ಆಟಗಾರರ ಜೊತೆ ಮಾತುಗಾರರ ಪಾಲೂ ಇದೆ. ಕ್ಯಾಮೆರಾದವರು, ಧ್ವನಿ ತಂತ್ರಜ್ಞರು, ಅಂಕಿಅಂಶ ಒದಗಿಸುವವರು, ಜಾಹೀರಾತು ಮಾರುವವರು, ಲೆಕ್ಕಪತ್ರ ನೋಡುವವರು ಹೀಗೆ ಒಂದು ಪ್ರಸಾರದ ಹಿಂದೆ ಎಷ್ಟೋ ಉದ್ಯೋಗಗಳಿವೆ. ಇವುಗಳಲ್ಲಿ ಕಾಮರ್ಸ್ ಓದಿದವರಿಗೆ ನೇರವಾಗಿ ಹೊಂದುವ ಕೆಲಸಗಳೂ ಇವೆ.

ಮೈಕಿನ ಕನ್ನಡ ಯಾರದು?

2018ರಲ್ಲಿ ಐಪಿಎಲ್ ಪ್ರಸಾರ ಆರು ಭಾಷೆಗಳಲ್ಲಿ ಬಂತು. ಅದರಲ್ಲಿ ಕನ್ನಡವೂ ಒಂದು. ಭಾರತ ತಂಡಕ್ಕೆ ಆಡಿದ್ದ ವಿಜಯ್ ಭಾರದ್ವಾಜ್ ಮೊದಲಾದವರ ಧ್ವನಿ ಮನೆಮನೆಗೆ ಬಂತು. ಇಂಗ್ಲಿಷ್ ಚೆನ್ನಾಗಿ ಬಾರದವರಿಗೂ ಈ ವೃತ್ತಿಯ ಬಾಗಿಲು ತೆರೆದದ್ದು ಹೀಗೆ.

ಇಲ್ಲಿ ನಮ್ಮಂಥವರಿಗೆ ಒಂದು ಸಂಕೋಚವಿದೆ. ಮನೆಯಲ್ಲಿ ಉರ್ದು, ಅಥವಾ ನವಾಯತಿ, ಅಥವಾ ಬ್ಯಾರಿ. ಕನ್ನಡ ಕಲಿತದ್ದು ಶಾಲೆಯಲ್ಲಿ, ಪೇಟೆಯಲ್ಲಿ. ಹಾಗಾಗಿ ಕನ್ನಡದ ಮೈಕು ನಮ್ಮದಲ್ಲ ಎಂದು ಹಿಂದೆ ನಿಲ್ಲುತ್ತೇವೆ. ಆದರೆ ಸ್ವಲ್ಪ ಯೋಚಿಸಿ. ಕುಂದಾಪುರ, ಬೈಂದೂರಿನ ಹೆಚ್ಚಿನ ಮನೆಗಳ ಮಾತು ಕುಂದಗನ್ನಡ. ಬ್ರಹ್ಮಾವರದ ಕಡೆ ಹೋದರೆ ತುಳು, ಕೊಂಕಣಿ ಕೇಳುತ್ತದೆ. "ಎಂತ ಮರಾಯ, ಹ್ಯಾಂಗಿದ್ದೆ?" ಎನ್ನುವ ಗೆಳೆಯ ಮೈಕ್ ಹಿಡಿದ ಕೂಡಲೇ "ಕ್ರೀಡಾಭಿಮಾನಿಗಳೇ, ನಿಮಗೆಲ್ಲರಿಗೂ ಸ್ವಾಗತ" ಎನ್ನುತ್ತಾನೆ. ಆ ಕನ್ನಡ ಅವನ ಮನೆಯದೂ ಅಲ್ಲ, ಅವನೂ ಕಲಿತದ್ದೇ. ಕಲಿತು ಬರುವ ಭಾಷೆಯಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಡಲು ಶುರುಮಾಡುತ್ತಾರೆ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ತರಗತಿಯಲ್ಲಿ ಒಂದು ಭಾಷೆ ಬಳಸುವ ನಮಗೆ ಕಿವಿ ಚುರುಕಾಗಿರುತ್ತದೆ. ಇದು ಕೊರತೆಯಲ್ಲ, ಅನುಕೂಲ.

ಮತ್ತೆ, ಈ ವೃತ್ತಿಯ ಮೊದಲ ಶಾಲೆ ನಮ್ಮ ಊರಿನಲ್ಲೇ ಇದೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ, ವಾಲಿಬಾಲ್, ಅಂಡರ್‌ಆರ್ಮ್ ಕ್ರಿಕೆಟ್, ಕಂಬಳ, ಎಲ್ಲದಕ್ಕೂ ಮೈಕ್ ಇದೆ. ರಾತ್ರಿಯಿಡೀ ನಿಂತು ಆಟಗಾರರ ಹೆಸರು, ಊರು, ಅಂಕ ತಪ್ಪದೆ ಹೇಳುವ ವಿವರಣೆಗಾರರನ್ನು ನಾವು ಕೇಳಿ ಮರೆತುಬಿಡುತ್ತೇವೆ. ಅವರೂ ಈ ವೃತ್ತಿಯವರೇ.

ನಾವು ಈಗಲೇ ಮಾಡಬಹುದಾದದ್ದು

- ಟಿವಿಯ ಧ್ವನಿ ನಿಲ್ಲಿಸಿ ಹತ್ತು ನಿಮಿಷ ನಾವೇ ವಿವರಣೆ ಕೊಟ್ಟು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು. ಒಂದೇ ಪದ ಎಷ್ಟು ಸಲ ಬಂತೆಂದು ಎಣಿಸುವುದು.
- ಆಟದ ನಿಯಮ ಪುಸ್ತಕವನ್ನು ಪೂರ್ತಿ ಓದುವುದು.
- ಆಡುವವರ ಹೆಸರನ್ನು ಅವರನ್ನೇ ಕೇಳಿ, ಸರಿಯಾಗಿ ಉಚ್ಚರಿಸಲು ಕಲಿಯುವುದು. ಹೆಸರು ತಪ್ಪಾಗಿ ಕೂಗಿಸಿಕೊಂಡವರಿಗೆ ಅದರ ನೋವು ಗೊತ್ತು.
- ದಿನಪತ್ರಿಕೆಯ ಕ್ರೀಡಾಪುಟವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗಟ್ಟಿಯಾಗಿ ಓದುವುದು.
- ಕ್ರೀಡಾಕೂಟದಲ್ಲಿ ಮೈಕ್ ಒಬ್ಬರ ಕೈಯಲ್ಲೇ ಉಳಿಯದೆ, ಹುಡುಗಿಯರೂ ಸೇರಿದಂತೆ ಸರದಿಯಂತೆ ಎಲ್ಲರಿಗೂ ಸಿಗುವಂತೆ ಮಾಡಲು ನಮ್ಮ ಉಪನ್ಯಾಸಕರಲ್ಲಿ ಕೇಳಿಕೊಳ್ಳುವುದು.

ಎಲ್ಲರೂ ಟಿವಿಯಲ್ಲಿ ಬರಲಾರರು. ಅಲ್ಲಿ ಕುರ್ಚಿಗಳು ಕಡಿಮೆ. ಹಾಗಾಗಿ ಡಿಗ್ರಿ ಬಿಟ್ಟು ಮೈಕ್ ಹಿಡಿಯಿರಿ ಎಂದು ಈ ಲೇಖನ ಹೇಳುವುದಿಲ್ಲ. ಆದರೆ ತಯಾರಿ ಇಟ್ಟುಕೊಂಡ ಮಾತು ಖಾಲಿಯಲ್ಲ, ಅದು ಬಂಡವಾಳ ಎಂಬುದನ್ನು ಚಾರು ಶರ್ಮಾ ಅವರ ವೃತ್ತಿಜೀವನ ತೋರಿಸುತ್ತದೆ. ಕರೆ ಯಾವ ಮಧ್ಯಾಹ್ನ ಬರುತ್ತದೋ ಗೊತ್ತಿಲ್ಲ. ಬಂದಾಗ ಎದ್ದು ಹೋಗುವಷ್ಟು ತಯಾರಿ ನಮ್ಮಲ್ಲಿರಬೇಕು.

ಚರ್ಚೆಗೆ ಮೂರು ಪ್ರಶ್ನೆಗಳು

1. ಕಬಡ್ಡಿ ಆಟಗಾರರ ಬೆಲೆ ಇಪ್ಪತ್ತು ಪಟ್ಟು ಏರಲು ಬೇಡಿಕೆ ಕಾರಣವೇ, ಪ್ರಸಾರ ಕಾರಣವೇ?
2. ಮಹಿಳೆಯರ ಕಬಡ್ಡಿ ಟಿವಿಯಲ್ಲಿ ಉಳಿಯಬೇಕಾದರೆ ಏನು ಮಾಡಬೇಕಿತ್ತು?
3. ನಮ್ಮ ಮೂರು ತಾಲೂಕುಗಳಲ್ಲಿ ಇನ್ನೂ ಯಾರೂ ಬೆಲೆ ಕಟ್ಟದ ಆಟ ಯಾವುದು?