ಮಲೆನಾಡಿನ ಹಿತ್ತಲು: ಹನ್ನೆರಡು ತಿಂಗಳ ತರಕಾರಿ

ಮಲೆನಾಡಿನ ಹಿತ್ತಲಿಗೆ ಚಳಿಯ ಭಯವಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಕಡೆ ಹಿಮ ಬಿದ್ದು ಗಿಡ ಕರಟುವುದಿಲ್ಲ. ಬೇಸಿಗೆಯೂ ಬಯಲುಸೀಮೆಯಷ್ಟು ಸುಡುವುದಿಲ್ಲ. ಆದರೂ ವರ್ಷವಿಡೀ ಮನೆಯ ತರಕಾರಿ ತಿನ್ನುವವರು ಕಡಿಮೆ. ಕಾರಣ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಸುರಿಯುತ್ತದೆ, ಅದೇ ಜಿಲ್ಲೆಯ ಭದ್ರಾವತಿಯಲ್ಲಿ ಅದರ ಆರನೇ ಒಂದು ಪಾಲೂ ಇಲ್ಲ. ಬೀಜದ ಪೊಟ್ಟಣದ ಮೇಲೆ ಅಚ್ಚಾಗಿರುವ ಬಿತ್ತನೆಯ ಕಾಲ ಮಾತ್ರ ಎರಡೂ ಊರಿಗೆ ಒಂದೇ. ಅದನ್ನು ನೆಚ್ಚುವುದಕ್ಕಿಂತ ಪಕ್ಕದ ಮನೆಯ ಅಜ್ಜಿಯನ್ನು ಕೇಳುವುದು ಲೇಸು. ಅವರು ತಾರೀಕು ಹೇಳುವುದಿಲ್ಲ, ಮಳೆನಕ್ಷತ್ರ ಹೇಳುತ್ತಾರೆ: ರೋಹಿಣಿಯಲ್ಲಿ ಬೀಜ ಹಾಕಿ, ಆರ್ದ್ರೆ ಹಿಡಿಯುವುದರೊಳಗೆ ಬಳ್ಳಿ ಚಪ್ಪರ ಮುಟ್ಟಲಿ. ಅಂದರೆ ಮೇ ಕೊನೆಯಿಂದ ಜೂನ್ ಮೂರನೇ ವಾರದವರೆಗಿನ ನಾಲ್ಕು ವಾರ. ಆ ನಾಲ್ಕು ವಾರ ಕೈತಪ್ಪಿದರೆ ಮಳೆಗಾಲದ ಹಿತ್ತಲು ಬಹುಪಾಲು ಕೈತಪ್ಪಿದಂತೆ.

ಸತತ ಮಳೆ ಗಿಡಕ್ಕೆ ಮೂರು ಕಡೆಯಿಂದ ಪೆಟ್ಟು ಕೊಡುತ್ತದೆ. ಮಣ್ಣಿನಲ್ಲಿ ನೀರು ನಿಂತು ಬೇರಿಗೆ ಉಸಿರು ಕಟ್ಟುತ್ತದೆ. ವಾರಗಟ್ಟಲೆ ಬಿಸಿಲಿಲ್ಲದೆ ಎಲೆ ಒಣಗುವುದೇ ಇಲ್ಲ, ಶಿಲೀಂಧ್ರಕ್ಕೆ ಅದಕ್ಕಿಂತ ಸುಖವಿಲ್ಲ. ಮೂರನೆಯದು ಕಣ್ಣಿಗೆ ಕಾಣದ ನಷ್ಟ: ಸಾರಜನಕ, ಪೊಟ್ಯಾಷ್, ಸುಣ್ಣದ ಅಂಶಗಳೆಲ್ಲ ನೀರಿನೊಡನೆ ಇಳಿದುಹೋಗಿ ಜಂಬಿಟ್ಟಿಗೆಯ ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣಿಗೆ ಎಷ್ಟು ಗೊಬ್ಬರ ಸುರಿದರೂ ಗಿಡಕ್ಕೆ ಸರಿಯಾಗಿ ದಕ್ಕದು. ಇದಕ್ಕೆ ಏಪ್ರಿಲ್‌ನಲ್ಲೇ ಚದರ ಮೀಟರಿಗೆ ಒಂದೆರಡು ಹಿಡಿ ಕೃಷಿ ಸುಣ್ಣ ಬೀರಿ ಮಣ್ಣಿಗೆ ಸೇರಿಸಬೇಕು. ಸುಣ್ಣವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು. ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರದ ಅಂತರ ಬೇಕು. ಬಚ್ಚಲೊಲೆಯ ಬೂದಿ ಸುಣ್ಣದ ಕೆಲಸವನ್ನೂ ಸ್ವಲ್ಪ ಮಾಡುತ್ತದೆ, ಪೊಟ್ಯಾಷನ್ನೂ ಕೊಡುತ್ತದೆ. ಆದರೆ ಅದನ್ನು ಒಳಗೆ ಒಣ ಜಾಗದಲ್ಲಿ ಇಟ್ಟಿರಬೇಕು. ಮಳೆಯಲ್ಲಿ ನೆನೆದ ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದಿಲ್ಲ.

ಈ ಬರಹದ ಹಿಂದಿರುವುದು ಸಾಗರ ಸೀಮೆಯ ಒಂದು ಇಳಿಜಾರು ಹಿತ್ತಲಿನ ಅನುಭವ. ಅಲ್ಲಿ ಗೊಬ್ಬರಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಗುದ್ದಲಿ. ಮಡಿಯನ್ನು ನೆಲಮಟ್ಟಕ್ಕಿಂತ ಒಂದಡಿ ಎತ್ತರಿಸಿ, ಎರಡು ಮಡಿಗಳ ನಡುವೆ ಬಸಿಗಾಲುವೆ ತೋಡಿ, ಕಾಲುವೆಯ ಬಾಯನ್ನು ಅಂಗಳದಿಂದಾಚೆಗೆ ಬಿಡುವುದೇ ಮುಖ್ಯ ಕೆಲಸ. ದೊಡ್ಡ ಮಳೆ ಬಂದು ಹೋದ ಮೇಲೆ ಕೊಡೆ ಹಿಡಿದು ಒಂದು ಸುತ್ತು ಬಂದರೆ ಎಲ್ಲಿ ನೀರು ಕಟ್ಟಿದೆಯೆಂದು ತಿಳಿಯುತ್ತದೆ. ಆಗಲೇ ಬಿಡಿಸಿ ಕೊಡಬೇಕು. ಮಡಿಯ ಮೇಲೆ ದರಗು ಹೊದಿಸಿದರೆ ಹನಿ ಬಿದ್ದು ಮಣ್ಣು ಸಿಡಿಯುವುದಿಲ್ಲ. ಮಣ್ಣು ಸಿಡಿದು ಎಲೆಯ ಅಡಿಗೆ ಮೆತ್ತಿಕೊಂಡಾಗಲೇ ಹಲವು ರೋಗಗಳು ಗಿಡವೇರುವುದು. ಬುಡದ ಸುತ್ತ ಮಾತ್ರ ಗೇಣಗಲ ಜಾಗ ಬರಿದಾಗಿರಲಿ. ಇಲ್ಲದಿದ್ದರೆ ದರಗಿನಡಿ ಸಿಂಬಳದ ಹುಳು ಮನೆ ಮಾಡುತ್ತದೆ. ಇದಕ್ಕೆ ಔಷಧಿ ಹುಡುಕುವುದಕ್ಕಿಂತ ರಾತ್ರಿ ಊಟವಾದ ಮೇಲೆ ಬ್ಯಾಟರಿ ಹಿಡಿದು ಹೋಗಿ ಆರಿಸಿ ಉಪ್ಪುನೀರಿನ ಡಬ್ಬಕ್ಕೆ ಹಾಕುವುದೇ ಖಾತ್ರಿಯ ದಾರಿ.

ಮಳೆಗಾಲದಲ್ಲಿ ಏನು ಬೆಳೆಯಬೇಕೆಂಬುದಕ್ಕಿಂತ ಏನು ಬೆಳೆಯಬಾರದೆಂದು ತಿಳಿದಿರುವುದು ಲಾಭ. ಟೊಮೆಟೊ, ಎಲೆಕೋಸು, ಕ್ಯಾರೆಟ್‌ಗಳನ್ನು ಜುಲೈನಲ್ಲಿ ಬಯಲಿನಲ್ಲಿ ನಿಲ್ಲಿಸುವುದು ಹಠವೇ ಹೊರತು ಬೇಸಾಯವಲ್ಲ. ಸೌತೆ, ಹೀರೆ, ಹಾಗಲ, ಪಡುವಲ, ಬೆಂಡೆ ಇವು ಮಳೆಗೆ ಮುಂಚೆ ಕಾಲೂರಿದ್ದರೆ ತಡೆದುಕೊಂಡು, ಬಿಸಿಲು ಇಣುಕುವ ಹೊತ್ತಿಗೆ ಹೂ ಕಚ್ಚಿ, ಚೌತಿಯ ಫಲಾವಳಿಗೆ ಕಾಯಿ ಒದಗಿಸುತ್ತವೆ. ಸಸಿಯನ್ನು ತೆಂಗಿನ ಗರಟೆಯಲ್ಲಿ ಸೂರಿನ ಕೆಳಗೆ ಎಬ್ಬಿಸಿ, ನಾಲ್ಕೆಲೆ ಬಂದ ಮೇಲೆ ನೆಟ್ಟರೆ ಮೊಳಕೆ ಕೊಳೆಯುವ ಪ್ರಶ್ನೆಯೇ ಇಲ್ಲ. ನಿಜವಾದ ಮಳೆಗಾಲದ ಬೆಳೆಯೆಂದರೆ ಕೆಸು, ಅರಿಶಿನ, ಶುಂಠಿ, ಸುವರ್ಣಗೆಡ್ಡೆ. ಕೆಸುವಿಗೆ ಕಾಲಡಿ ನೀರಿದ್ದರೂ ಚಿಂತೆಯಿಲ್ಲ. ಶುಂಠಿಗೆ ಮಾತ್ರ ನೀರು ನಿಂತರೆ ಗೆಡ್ಡೆ ಕೊಳೆ ಗ್ಯಾರಂಟಿ. ಬೇಲಿಸಾಲಿನ ಚಕ್ರಮುನಿ, ಕಟ್ಟೆಯಂಚಿನ ಒಂದೆಲಗ, ತಾನಾಗಿ ಎದ್ದ ಚಗತೆ ಸೊಪ್ಪು ಸೇರಿದರೆ ಆಷಾಢದ ಅಡುಗೆಗೆ ಸಂತೆ ಬೇಕಿಲ್ಲ.

ಹೂವಿನ ಮಾತು ಬಂದರೆ ಮಲೆನಾಡಿನ ಮಳೆಗಾಲ ಡೇರೆಯದು. ಮೆಕ್ಸಿಕೊ ಮೂಲದ ಈ ಗಿಡಕ್ಕೆ ಇಲ್ಲಿನ ತಂಪು ಎಷ್ಟು ಒಗ್ಗಿದೆಯೆಂದರೆ, ಗೆಡ್ಡೆ, ತುಂಡುಗಳ ವಿನಿಮಯವೇ ಹೆಂಗಸರ ನಡುವಿನ ದೊಡ್ಡ ವ್ಯವಹಾರ. ಅಂಗೈಯಗಲದ ಹೂ ಮಳೆನೀರು ತುಂಬಿಕೊಂಡು ಭಾರಕ್ಕೆ ದಂಟನ್ನೇ ಮುರಿಯುತ್ತದೆ. ಆದ್ದರಿಂದ ನೆಡುವ ದಿನವೇ ಗೂಟ ಹುಗಿದು, ಬೆಳೆದಂತೆ ಬಾಳೆಪಟ್ಟೆಯಿಂದ ಸಡಿಲವಾಗಿ ಕಟ್ಟುತ್ತ ಹೋಗಬೇಕು. ಗಿಡ ಒಣಗಿದ ಮೇಲೆ ಗೆಡ್ಡೆಯನ್ನು ಕಿತ್ತು, ಒಣ ಮರಳಿನಲ್ಲಿ ನೆರಳಲ್ಲಿಟ್ಟರೆ ಮುಂದಿನ ಮೇ ತಿಂಗಳಿಗೆ ಕಣ್ಣು ಒಡೆಯುತ್ತದೆ. ಕಣ್ಣಿರುವುದು ಗೆಡ್ಡೆಯ ಕುತ್ತಿಗೆಯಲ್ಲಿ; ಕುತ್ತಿಗೆಯಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮೊಳೆಯುವುದಿಲ್ಲ.

ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ, ಹಿತ್ತಲಿನ ಸುಗ್ಗಿ. ಮೂಲಂಗಿ, ನವಿಲುಕೋಸು, ಬೀನ್ಸ್, ಹರಿವೆ, ಬದನೆ ಎಲ್ಲಕ್ಕೂ ಇದು ಹದ. ಕೋಸು, ಬದನೆ, ಟೊಮೆಟೊಗಳ ಸಸಿಮಡಿಯನ್ನು ಸೆಪ್ಟೆಂಬರ್‌ನಲ್ಲೇ ಪ್ಲಾಸ್ಟಿಕ್ ಹೊದಿಕೆಯಡಿ ಮಾಡಿಕೊಂಡವರಿಗೆ ಒಂದು ತಿಂಗಳು ಮುಂಚೆ ಫಸಲು ಸಿಗುತ್ತದೆ. ಬದನೆ, ಟೊಮೆಟೊಗಳಿಗೆ ಇಲ್ಲಿನ ಹುಳಿ ಮಣ್ಣಿನಲ್ಲಿ ಸೊರಗು ರೋಗದ ಕಾಟ ವಿಪರೀತ: ಬೆಳಿಗ್ಗೆ ಹಸಿರಾಗಿದ್ದ ಗಿಡ ಮಧ್ಯಾಹ್ನ ಜೋಲುತ್ತದೆ. ದಂಟು ಕೊಯ್ದು ಗಾಜಿನ ಲೋಟದ ನೀರಿನಲ್ಲಿ ಅದ್ದಿದಾಗ ಹಾಲಿನಂಥ ಎಳೆ ಇಳಿದರೆ ಅದೇ ರೋಗ. ಔಷಧಿಯಿಲ್ಲ, ಗಿಡ ಕಿತ್ತು ಸುಡಬೇಕು. ಸುಂಡೆ ಗಿಡದ ಮೇಲೆ ಕಸಿ ಕಟ್ಟಿದ ಬದನೆ ಈ ರೋಗಕ್ಕೆ ಜಗ್ಗುವುದಿಲ್ಲ. ಟೊಮೆಟೊದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಇದನ್ನು ತಡೆಯುವ ಶಕ್ತಿಯಿದೆ.

ಬೇಸಿಗೆಯ ಸೋಜಿಗವೆಂದರೆ, ಅಷ್ಟು ಮಳೆ ಸುರಿದ ಊರಿನಲ್ಲೇ ಏಪ್ರಿಲ್‌ಗೆ ಬಾವಿ ತಳ ಕಾಣುತ್ತದೆ. ಆಗ ಬಚ್ಚಲ ನೀರಿನ ದಾರಿಯಲ್ಲಿ ಬಸಳೆ, ತೊಂಡೆ ಹಬ್ಬಿಸುವುದು, ಗದ್ದೆಯ ತೇವದಲ್ಲಿ ಮೊಗೆಕಾಯಿ ಹಾಕುವುದು ರೂಢಿ. ಬಲಿತ ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿದರೆ ಮಳೆಗಾಲದುದ್ದಕ್ಕೂ ಹುಳಿಗೆ ತರಕಾರಿಯಿರುತ್ತದೆ. ಮಂಗ, ಹಂದಿ, ಮುಳ್ಳುಹಂದಿಗಳ ವಿಷಯ ಬೇರೆಯೇ ಅಧ್ಯಾಯ. ನಾಯಿ ಸಾಕಿದ ಮನೆಗೆ ಅರ್ಧ ಬೆಳೆ, ಉಳಿದವರಿಗೆ ಸೊಪ್ಪು.

ಇಷ್ಟಕ್ಕೆಲ್ಲ ಬೀಜ ಊರಿನದೇ ಇದ್ದರೆ ಒಳ್ಳೆಯದು. ಪೇಟೆಯ ಹೈಬ್ರಿಡ್ ಬಳ್ಳಿಗಳು ಮೊದಲ ಜಡಿಮಳೆಗೇ ಸುಸ್ತಾಗುವುದುಂಟು; ಊರ ಸೌತೆ, ಊರ ಹೀರೆ ಬದುಕುತ್ತವೆ. ಸೌತೆಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯೊಡನೆ ಗೋಡೆಗೆ ಬಡಿದು ಒಣಗಿಸಿಡುವ ಕ್ರಮ ಇನ್ನೂ ಅಲ್ಲಲ್ಲಿ ಇದೆ. ಶಿರಸಿಯ ವನಸ್ತ್ರೀ ಬಳಗ ಮಳೆಗಾಲಕ್ಕೆ ಮುನ್ನ ನಡೆಸುವ ಮಲೆನಾಡ ಮೇಳದಲ್ಲಿ ಇಂಥ ಬೀಜಗಳು, ಗೆಡ್ಡೆಗಳು ಸಿಗುತ್ತವೆ. ಬೆಂಡೆ ಬೀಜವನ್ನು ಆಯಾ ವರ್ಷವೇ ಬಳಸಿ. ಸೌತೆ, ಹೀರೆಯ ಬೀಜ ಒಣಗಿದ್ದರೆ ಎರಡು ಮೂರು ವರ್ಷವೂ ಮೊಳೆಯುತ್ತದೆ.