ಗೆಲ್ಲಿಸುವವರು

ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಈಗ ಒಂದು ತಂಡಕ್ಕೆ 8 ಸವಾರರು. ಒಬ್ಬರು ನಾಯಕರು, ಉಳಿದವರು ಸಹಾಯಕರು. ಇವರನ್ನು ಫ್ರೆಂಚ್‌ನಲ್ಲಿ ‘ದೊಮೆಸ್ತೀಕ್’, ಅಂದರೆ ಮನೆಯಾಳು ಎನ್ನುತ್ತಾರೆ.

ಮುಂದೆ ಸಾಗಿ ಗಾಳಿ ತಡೆಯುವುದು, ತಂಡದ ಕಾರಿನಿಂದ ನೀರಿನ ಬಾಟಲಿ ತರುವುದು ಇವರ ಕೆಲಸ. ಹೀಗೆ ನಾಯಕರ ಶಕ್ತಿ ಕೊನೆಯ ಬೆಟ್ಟಕ್ಕೆ ಉಳಿಯುತ್ತದೆ.

1934ರಲ್ಲಿ ಪಿರನೀಸ್ ಬೆಟ್ಟಗಳಲ್ಲಿ 20 ವರ್ಷದ ರೆನೆ ವಿಯೆತ್ತೊ ತಮ್ಮ ನಾಯಕ ಆಂತೊನಾಂ ಮಾನ್ ಅವರಿಗೆ ತಮ್ಮ ಚಕ್ರವನ್ನೇ ಬಿಚ್ಚಿಕೊಟ್ಟರು. ಮರುದಿನ ಹಿಂದಕ್ಕೆ ತಿರುಗಿ ಬಂದು ಸೈಕಲ್ಲನ್ನೇ ಕೊಟ್ಟರು. ಮಾನ್ ಗೆದ್ದರು, ವಿಯೆತ್ತೊಗೆ 5ನೇ ಸ್ಥಾನ.

ನಾವು ವಾಣಿಜ್ಯದಲ್ಲಿ ಓದುವ ಶ್ರಮ ವಿಭಜನೆ ಇದೇ. ಗೆದ್ದ ಹಣವನ್ನು ತಂಡದವರೆಲ್ಲ ಹಂಚಿಕೊಳ್ಳುವ ರೂಢಿಯಿದೆ, ಹೆಸರು ಮಾತ್ರ ಒಬ್ಬರದು. ನಮ್ಮ ಮನೆಯ ಉರ್ದುವಿನಲ್ಲಿ ಇಂಥ ಕೆಲಸಕ್ಕೆ ‘ಖಿದ್ಮತ್’ ಎನ್ನುತ್ತೇವೆ. ಅದು ಗೌರವದ ಮಾತು.